ಅಕ್ಕನ ಪಾಠದಲ್ಲಿ ತಪ್ಪು

ಮುಖ ಎಲ್ಲಿಡಬೇಕು ಎಂಬುದೇ ಸಿಲಿಯಾಳಿಗೆ ಬೆಳಗಿನಿಂದ ತಿಳಿಯುತ್ತಿರಲಿಲ್ಲ. ಮಾತಾಡುವಾಗ ಕ್ಯಾಮೆರಾ ನೋಡಬೇಕಂತೆ, ತೆರೆ ನೋಡಬಾರದಂತೆ. ತೆರೆಯಲ್ಲಿ ಕಾಣುವವರ ಕಣ್ಣಿಗೆ ಕಣ್ಣು ಕೊಟ್ಟರೆ ಆ ಕಡೆಯವರಿಗೆ ನಾವು ನೆಲ ನೋಡುತ್ತಿರುವ ಹಾಗೆ ಕಾಣುತ್ತೇವಂತೆ. ಲೂಪೆ, ಹೋದ ವರ್ಷವಷ್ಟೇ ಶಾಲೆಗೆ ಸೇರಿದ ಟೀಚರು, ಕಂಪ್ಯೂಟರಿನ ವಯರುಗಳನ್ನು ಸಿಕ್ಕಿಸುತ್ತಾ ಇಷ್ಟು ಹೇಳಿ ಆಚೆ ಹೋಗಿದ್ದಳು. ಇದೆಂಥ ಯಂತ್ರವಪ್ಪಾ, ನೋಡಬೇಕಾದವರನ್ನು ನೋಡಿದರೆ ನೋಡಿದಂತಾಗುವುದಿಲ್ಲ, ಯಾರೂ ಇಲ್ಲದ ಒಂದು ಕರಿ ಚುಕ್ಕೆಯನ್ನು ದಿಟ್ಟಿಸಿದರೆ ಎಲ್ಲರನ್ನೂ ನೋಡಿದ ಹಾಗೆ. ಖಾಲಿ ಆರನೇ ತರಗತಿಯಲ್ಲಿ ಕಪ್ಪು ಹಲಗೆಗೆ ಬೆನ್ನು ಕೊಟ್ಟು ನಿಂತು ಅವಳು ಆ ಚುಕ್ಕೆಯನ್ನು ನೋಡುವ ಅಭ್ಯಾಸ ಮಾಡಿದಳು. ಇನ್ನು ಸ್ವಲ್ಪ ಹೊತ್ತಿಗೆ ತೆರೆಯ ಆ ಕಡೆ ರಾಜಧಾನಿ ನುಕುಅಲೋಫದ ಶಾಲೆಯ ಮೇಷ್ಟರು ಟೀಚರುಗಳೆಲ್ಲ ಬಂದು ಕೂರುತ್ತಾರೆ. ಅವರ ನಡುವೆ ಹೆಡ್‌ಮಾಸ್ಟರ ಕುರ್ಚಿಯಲ್ಲಿ ಫೆಲೆತಿ ಕೂತಿರುತ್ತಾನೆ. ಅವಳ ತಮ್ಮ. ಒಡಹುಟ್ಟಿದ ಒಬ್ಬನೇ ತಮ್ಮ. ಅವನನ್ನು ನೋಡಬಾರದು, ಚುಕ್ಕೆಯನ್ನು ನೋಡಬೇಕು. ಅದೇನು ಹೊಸದಲ್ಲ ಬಿಡು, ಎಂದುಕೊಂಡಳು. ಹದಿಮೂರನೇ ವಯಸ್ಸಿನಿಂದ ಅವನಿರುವ ಕಡೆ ಕಣ್ಣು ಹಾಕದೆ ಬದುಕಿದವಳಿಗೆ ಇದನ್ನು ಲೂಪೆ ಕಲಿಸಬೇಕಾಗಿರಲಿಲ್ಲ.

ಜೋಡಿ ಶಾಲೆಗಳೆಂಬ ಈ ಏರ್ಪಾಡು ವರ್ಷದ ಮೊದಲಲ್ಲಿ ಶಿಕ್ಷಣ ಇಲಾಖೆಯಿಂದ ಬಂದದ್ದು. ಟ್ಯಾಬು, ತೆರೆ, ಕ್ಯಾಮೆರಾ ಎಲ್ಲ ಶಾಲೆಗೂ ಕೊಟ್ಟಾಯಿತು, ಆದರೆ ಪೆಟ್ಟಿಗೆಯಲ್ಲೇ ಮಲಗಿವೆ. ಬಳಸುವವರು ಬಳಸದವರಿಗೆ ತೋರಿಸಿಕೊಡಲಿ ಎಂದು ಊರೂರಿನ ಶಾಲೆಗಳನ್ನು ಎರಡೆರಡಾಗಿ ಜೋಡಿಸಿದರು. ಒಂದು ಬುಧವಾರ ಈ ಶಾಲೆ ಪಾಠ ಮಾಡಬೇಕು, ಆ ಶಾಲೆ ನೋಡಬೇಕು, ನೋಡಿ ಆದಮೇಲೆ ಒಳ್ಳೆಯದನ್ನೂ ತಪ್ಪನ್ನೂ ಬಾಯಿಬಿಟ್ಟು ಹೇಳಬೇಕು. ಇನ್ನೊಂದು ಬುಧವಾರ ತಿರುಗುಮುರುಗು. ಹಾಪೈ ದ್ವೀಪಗುಂಪಿನ ಈ ಪುಟ್ಟ ದ್ವೀಪದ ಶಾಲೆಗೆ ಜೋಡಿಯಾಗಿ ಬಂದದ್ದು ರಾಜಧಾನಿಯ ಫೆಲೆತಿಯ ಶಾಲೆ. ಯಾರೋ ಕಚೇರಿಯಲ್ಲಿ ಕೂತವರು ಹೆಸರು ನೋಡದೆ ಊರು ನೋಡಿ ಜೋಡಿಸಿದ್ದು. ಸುದ್ದಿ ಬಂದ ದಿನ ಟೀಚರುಗಳ ಕೋಣೆಯಲ್ಲಿ ಚಹಾದ ಲೋಟಗಳು ಅರ್ಧಕ್ಕೇ ನಿಂತವು. ಈ ದ್ವೀಪಗಳ ಕಟ್ಟಳೆಯಲ್ಲಿ ಬೆಳೆದ ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕೂತು ಟಿವಿ ನೋಡುವುದಿಲ್ಲ, ನಗೆಮಾತು ಆಡುವುದಿಲ್ಲ, ಒಬ್ಬರ ಎದುರು ಒಬ್ಬರ ಶರೀರದ ಮಾತೆತ್ತುವುದಿಲ್ಲ. ಅಂಥಾದ್ದರಲ್ಲಿ ಇಬ್ಬರೂ ಒಂದೇ ತೆರೆಯಲ್ಲಿ ಕಾಣಿಸಿಕೊಂಡರೆ ಅದು ಒಂದೇ ಕೋಣೆಯೋ ಅಲ್ಲವೋ? ವಯಸ್ಸಾದ ಟೀಚರೊಬ್ಬರು ಪಾದ್ರಿಯನ್ನು ಕೇಳಿಬಿಡೋಣ ಎಂದರು. ಈ ಶಾಲೆಯ ಹೆಡ್‌ಮಾಸ್ಟರ್ ಐಸೆಯನೋ, ನಗುವುದಕ್ಕೆ ಒಂದು ನೆವ ಸಿಕ್ಕರೆ ಬಿಡುವ ಆಸಾಮಿಯಲ್ಲ. “ಅಲ್ಲಮ್ಮಾ, ನಡುವೆ ಒಂದು ಸಮುದ್ರಾನೇ ಬಿದ್ದಿದೆ, ಹಡಗಲ್ಲಿ ಹೋದ್ರೆ ವಾಂತಿ ಮಾಡ್ಕೊಂಡು ಹೋಗ್ಬೇಕು, ಇದಕ್ಕಿಂತ ದಪ್ಪ ಗೋಡೆ ಇನ್ನೇನು ಬೇಕು ನಿಮಗೆ?” ಎಂದ. ಎಲ್ಲರೂ ನಕ್ಕರು. ಸಿಲಿಯಾಳೂ ನಕ್ಕಳು. ಆದರೆ ಒಳಗೆ ಎಂಥದೋ ಆಸೆ ಗುಟುಕು ಜೀವ ಹಿಡಿದು ಎದ್ದು ಕೂತಿತ್ತು. ಕೋಣೆಯಲ್ಲ ಎಂದಾದರೆ ಅಲ್ಲಿ ಅವನು ಮಾತಾಡಬಹುದಲ್ಲ. ತಪ್ಪು ಹೇಳಬೇಕೆಂದು ಇಲಾಖೆಯೇ ಹೇಳಿದೆಯಲ್ಲ. ಅವಳ ಪಾಠ ನೋಡಿ ಫೆಲೆತಿ, ಅಕ್ಕಾ ಇದು ಸರಿಯಿಲ್ಲ, ಎಂದು ಒಂದು ಮಾತು ಹೇಳಿಯಾನು. ಇಷ್ಟೇ ಅವಳಿಗೆ ಬೇಕಾಗಿದ್ದುದು. ತಮ್ಮ ಬೈದರೂ ಸರಿ, ನಕ್ಕರೂ ಸರಿ, ತನ್ನನ್ನು ಒಂದು ಸಲ ಮನುಷ್ಯಳ ಹಾಗೆ ನೋಡಬೇಕು. ಐವತ್ತು ದಾಟಿದ ಹೆಂಗಸಿಗೆ ಇದೆಂಥ ಹಂಬಲ ಎಂದು ತನ್ನನ್ನು ತಾನೇ ಬೈದುಕೊಂಡಳು.

ಗೌರವವೆಂದರೆ ಗೌರವ, ಅದರಲ್ಲಿ ಅವನದು ಒಂದು ಕೂದಲಿನಷ್ಟೂ ಕೊರತೆಯಿಲ್ಲ. ಅಕ್ಕನ ಮಾತು ತಮ್ಮನಿಗೆ ಅಪ್ಪಣೆ. ಅವನ ಮಗಳ ಮದುವೆಯಲ್ಲಿ ಎಲ್ಲರಿಗಿಂತ ಮೇಲೆ, ಹೊಸ ಚಾಪೆಗಳ ರಾಶಿಯ ಮೇಲೆ ಕೂರಿಸಿದ್ದು ಇವಳನ್ನೇ. ಹಬ್ಬಕ್ಕೆ ಹಂದಿ ಕುಯ್ದರೆ ಮೊದಲ ಪಾಲು ಹಡಗು ಹತ್ತಿ ಇವಳ ಮನೆಗೆ ಬರುತ್ತದೆ. ಸುದ್ದಿಯೆಲ್ಲ ತಮ್ಮನ ಹೆಂಡತಿಯ ಬಾಯಲ್ಲಿ ಬರುತ್ತದೆ, ನಿಮ್ಮ ತಮ್ಮ ಕೇಳಿದರು, ನಿಮ್ಮ ತಮ್ಮ ಹೇಳಿಕಳಿಸಿದರು ಎಂದು. ಅವನೇ ಎದುರಿಗೆ ಬಂದರೆ ತಲೆ ತಗ್ಗಿಸಿ, ನೀವು ಆರೋಗ್ಯವೇ, ಎಂದು ಕೇಳಿ ಪಕ್ಕಕ್ಕೆ ಸರಿದುಬಿಡುತ್ತಾನೆ. ಮೊದಲು ಹೀಗಿರಲಿಲ್ಲ ಎಂಬುದೇ ಅವಳ ಹೊಟ್ಟೆಯೊಳಗಿನ ಉರಿ. ಒಂದೇ ಚಾಪೆ, ಒಂದೇ ಹೊದಿಕೆ, ಹೊದಿಕೆಯೊಳಗೆ ಒದೆದಾಟ, ಬೇಯಿಸಿದ ದೀವಿಹಲಸಿನ ಸುಟ್ಟ ಸಿಪ್ಪೆಗೆ ಜಗಳ. ಒಂದು ದಿನ ಅಪ್ಪ ಊಟದ ನಡುವೆ, ಇವತ್ತಿನಿಂದ ಫೆಲೆತಿ ಹುಡುಗರ ಗುಡಿಸಲಲ್ಲಿ ಮಲಗುತ್ತಾನೆ, ಎಂದ. ಯಾರೂ ಅಳಲಿಲ್ಲ, ಅಳುವಂಥದ್ದೇನೂ ಆಗಿರಲಿಲ್ಲ. ಅವನು ತನ್ನ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಯ ಹಿಂದಕ್ಕೆ ನಡೆದುಹೋದ. ಅದಾದ ಸ್ವಲ್ಪ ದಿನಕ್ಕೆ ಊರಿಗೆ ವಿಡಿಯೊ ಯಂತ್ರ ಬಂತು. ಚರ್ಚಿನ ಹಿಂದಿನ ಶೆಡ್ಡಿನಲ್ಲಿ ಸಿನಿಮಾ ಹಾಕಿದರು. ಅವಳು ಹೆಂಗಸರ ಜೊತೆ ಹೋಗಿ ಕೂತಳು. ಕತೆ ಹಿಡಿದುಕೊಳ್ಳುತ್ತಿದ್ದ ಹಾಗೆ ಮುಂದಿನ ಸಾಲಿನಲ್ಲಿ ಫೆಲೆತಿಯ ಹಿಂತಲೆ ಕಾಣಿಸಿತು. ಸೀದಾ ಎದ್ದು ಹೊರಗೆ ಬಂದುಬಿಟ್ಟಳು, ಅವನಾದರೂ ನೋಡಲಿ ಎಂದು. ಶೆಡ್ಡನ್ನು ಸುತ್ತಿ ಮನೆಯ ಕಡೆ ತಿರುಗಿದರೆ ಅಲ್ಲಿ ಇನ್ನೊಂದು ಗೋಡೆಗೆ ಒರಗಿ ಅವನು ನಿಂತಿದ್ದ. ಅವನೂ ಅವಳನ್ನು ಕಂಡು ಎದ್ದು ಬಂದಿದ್ದ. ಒಬ್ಬರನ್ನೊಬ್ಬರು ನೋಡಿದರು, ನಗು ಬಂತು, ಇಬ್ಬರೂ ನಗಲಿಲ್ಲ. ಅವಳು ಆ ಕಡೆ ಹೋದಳು, ಅವನು ಈ ಕಡೆ ಹೋದ. ಆವತ್ತು ನಕ್ಕುಬಿಡಬೇಕಾಗಿತ್ತು ಎಂದು ಎಷ್ಟು ಸಲ ಅಂದುಕೊಂಡಿದ್ದಾಳೆಂಬುದಕ್ಕೆ ಲೆಕ್ಕವಿಲ್ಲ.

ಮಕ್ಕಳು ಕೈಕಾಲು ತೊಳೆದುಕೊಂಡು ಒಳಗೆ ಬಂದರು. ಲೂಪೆ ಟ್ಯಾಬುಗಳನ್ನು ಹಂಚಿದಳು. ಹೊರಗೆ ಹುಂಜವೊಂದು ಇವತ್ತೇ ಮದುವೆಯೆಂಬಂತೆ ಕೂಗುತ್ತಿತ್ತು. ಲೂಪೆ ಕಂಪ್ಯೂಟರಿನ ಹತ್ತಿರ ಬಗ್ಗಿ ಏನನ್ನೋ ಒತ್ತಿದಳು, ಹುಂಜವನ್ನು ಅಟ್ಟಲು ಒಬ್ಬ ಹುಡುಗಿಯನ್ನು ಕಳಿಸಿದಳು. ಪಾಠ ಸಿಲಿಯಾಳದೇ ಸ್ವಂತದ್ದು, ಯಾವ ಪುಸ್ತಕದ್ದೂ ಅಲ್ಲ. ಭಿನ್ನರಾಶಿ ಎಂದರೆ ಬೆವರುವ ಮಕ್ಕಳಿಗೆ, ಮನೆಯಲ್ಲಿ ಅಜ್ಜಿ ಪೆಟ್ಟಿಗೆಯಲ್ಲಿಟ್ಟ, ಮರದ ತೊಗಟೆ ಬಡಿದು ಮಾಡಿದ ಬಟ್ಟೆಯ ಫೋಟೊ ಟ್ಯಾಬಿನಲ್ಲಿ ತೆಗೆದುಕೊಂಡು ಬನ್ನಿ ಎಂದಿದ್ದಳು. ಆ ಬಟ್ಟೆಯೇ ಚೌಕ ಚೌಕವಾಗಿ ಬರೆದದ್ದು. ಎಂಟರಲ್ಲಿ ಮೂರು ಚೌಕದಲ್ಲಿ ಹಕ್ಕಿ, ಐದರಲ್ಲಿ ಎಲೆ. ಇನ್ನು ಭಿನ್ನರಾಶಿಯನ್ನು ಬೇರೆ ಹುಡುಕುವುದೇನು? ಇದನ್ನು ಕೇಳಿದ ಇಲಾಖೆಯವರು ಹೊಗಳಿದ್ದರು, ರಾಜಧಾನಿಯ ಶಾಲೆಯವರು ನಮಗೂ ತೋರಿಸಿ ಎಂದಿದ್ದರು. ನಿಮ್ಮ ತಮ್ಮ ಎರಡು ಸಲ ವಿಚಾರಿಸಿದರು ಎಂದು ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದ್ದಳು, ನಿಜವೋ ಅವಳ ಒಳ್ಳೆಯತನವೋ. ಆದರೆ ಒಂದು ಚಿತ್ರ ಮಕ್ಕಳದ್ದಲ್ಲ. ಅದನ್ನು ಸಿಲಿಯಾ ತಾನೇ ತೆಗೆದು ಎಲ್ಲದರ ನಡುವೆ ಸೇರಿಸಿಟ್ಟಿದ್ದಳು. ಅದು ಅವಳ ತಾಯಿ ಬಡಿದ ಬಟ್ಟೆ, ಒಂದು ಮೂಲೆ ಹರಿದದ್ದು. ತಾಯಿ ತೊಗಟೆ ಬಡಿಯುವಾಗ ಮಕ್ಕಳಿಬ್ಬರೂ ಎರಡು ತುದಿ ಹಿಡಿದು ಎಳೆಯಬೇಕಿತ್ತು. ಕೈ ಸೋತಾಗ ಫೆಲೆತಿ ಹಲ್ಲಿನಲ್ಲಿ ಕಚ್ಚಿ ಎಳೆದು ಹರಿದುಬಿಟ್ಟಿದ್ದ. ಅಲ್ಲಿಂದೀಚೆ ಆ ಮನೆಯಲ್ಲಿ ಏನು ಹರಿದರೂ, ಬಲೆಯೋ ಚಾಪೆಯೋ ಅಂಗಿಯೋ, ತಾಯಿ ಗಂಭೀರವಾಗಿ, ಇದು ಯಾರ ಹಲ್ಲು, ಎಂದು ಕೇಳುತ್ತಿದ್ದಳು, ಮನೆಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಈಗ ಭೂಮಿಯ ಮೇಲೆ ಆ ಮಾತು ಗೊತ್ತಿರುವವರು ಇಬ್ಬರೇ. ಇಡೀ ಪಾಠವನ್ನು ಅವಳು ಆ ಒಂದು ಮಾತಿಗಾಗಿ ಕಟ್ಟಿದ್ದಳೆಂದರೆ ಸುಳ್ಳಲ್ಲ. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಆರನೇ ತರಗತಿಯ ಗಣಿತವನ್ನು ತಮ್ಮನಿಗೆ ಕಳಿಸುವ ಓಲೆ ಮಾಡಿಕೊಂಡಿದ್ದಾಳೆ ಎಂದರೆ ಐಸೆಯ ಮಾತ್ರವಲ್ಲ, ಊರೇ ನಗುತ್ತದೆ.

ತೆರೆಯ ಮೇಲೆ ಆ ಕಡೆಯ ಕೋಣೆ ಮೂಡಿತು. ಸಾಲಾಗಿ ಕುರ್ಚಿ, ಸಾಲಾಗಿ ಮೇಷ್ಟರು, ಎಲ್ಲರ ಸೊಂಟದಲ್ಲಿ ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ ಮರ್ಯಾದೆಗೆಂದು ಕಟ್ಟಿದ ಚಾಪೆ. ನಡುವೆ ಫೆಲೆತಿ. ಕೂದಲು ಅಪ್ಪನ ಹಾಗೆಯೇ ಮುಂದಿನಿಂದ ಬೆಳ್ಳಗಾಗಿತ್ತು. ಅವಳು ಕೂಡಲೇ ಚುಕ್ಕೆಗೆ ಕಣ್ಣು ಕೀಲಿಸಿ ಪ್ರಾರ್ಥನೆ ಹೇಳಿದಳು, ನಮಸ್ಕಾರ ಹೇಳಿದಳು, ಪಾಠಕ್ಕಿಳಿದಳು. ಮೊದಮೊದಲು ಮಾತು ತಡವರಿಸಿತು, ಆಮೇಲೆ ಮಕ್ಕಳು ಅವಳನ್ನು ಹೊತ್ತುಕೊಂಡು ನಡೆದರು. ನಮ್ಮಜ್ಜಿದು ದೊಡ್ಡದು, ನಮ್ಮಜ್ಜಿದು ರಾಣಿಗೆ ಕೊಟ್ಟದ್ದು ಎಂದು ಜಂಭ ಕೊಚ್ಚಿಕೊಳ್ಳುತ್ತಲೇ ಎಂಟನ್ನು ನಾಲ್ಕರಿಂದ ಭಾಗಿಸಿದರು. ಲೂಪೆ ಬೆಂಚಿನಿಂದ ಬೆಂಚಿಗೆ ಓಡಾಡುತ್ತ ಟ್ಯಾಬುಗಳನ್ನು ಸರಿಮಾಡುತ್ತಿದ್ದಳು. ಚೆನ್ನಾಗಿ ಆಗುತ್ತಿದೆ, ಚೆನ್ನಾಗಿಯೇ ಆಗುತ್ತಿದೆ, ಎಂದು ಸಿಲಿಯಾಳ ಎದೆ ತನಗೆ ತಾನೇ ಹೇಳಿಕೊಳ್ಳುತ್ತಿತ್ತು. ಹರಿದ ಮೂಲೆಯ ಚಿತ್ರ ಬಂತು. ಅವಳು ಚುಕ್ಕೆಯನ್ನು ಬಿಟ್ಟಳು. ತೆರೆಯ ಮೇಲಿನ ತಮ್ಮನ ಮುಖವನ್ನೇ ನೇರವಾಗಿ ನೋಡಿ, ತಾಯಿಯ ಧ್ವನಿಯಷ್ಟೇ ಗಂಭೀರವಾಗಿ, “ಇದು ಯಾರ ಹಲ್ಲು?” ಎಂದು ಕೇಳಿದಳು.

“ಇಲಿದು ಟೀಚರ್,” ಎಂದನೊಬ್ಬ. ತರಗತಿ ಘೊಳ್ಳೆಂದಿತು. ತೆರೆಯಲ್ಲಿ ಯಾರೂ ನಗಲಿಲ್ಲ. ಫೆಲೆತಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹಾಗೆಯೇ ಕೂತಿದ್ದ. ಹುಬ್ಬು ಅಲುಗಲಿಲ್ಲ. ತುಟಿ ಅಲುಗಲಿಲ್ಲ. ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು, ಕಾಯಬಾರದಷ್ಟು ಕಾದಳು. ತಂತಿಯಲ್ಲಿ ಮಾತು ಸಮುದ್ರ ದಾಟಿ ಹೋಗಲು ಹೊತ್ತು ಹಿಡಿಯುತ್ತದೇನೋ. ಇಲ್ಲ. ಮರೆತಿದ್ದಾನೆ. ಅಥವಾ ಮರೆತಿಲ್ಲ, ಇಷ್ಟು ಜನರ ಎದುರು ಅಕ್ಕ ಈ ಸಲಿಗೆಗೆ ಇಳಿದದ್ದು ಅವನಿಗೆ ಅಸಹ್ಯವಾಗಿದೆ. ಹೆಡ್‌ಮಾಸ್ಟರನ್ನು, ಮೂರು ಮಕ್ಕಳ ತಂದೆಯನ್ನು, ಚರ್ಚಿನಲ್ಲಿ ಬೋಧನೆ ಮಾಡುವವನನ್ನು, ಹಲ್ಲು ಎಂದು ಕರೆಯಲು ಹೋದೆನಲ್ಲ, ನನಗೆ ಬುದ್ಧಿ ಎಲ್ಲಿ ಹೋಗಿತ್ತು. ಉಳಿದ ಪಾಠವನ್ನು ಅವಳ ಬಾಯಿ ತಾನಾಗಿಯೇ ಮಾಡಿತು. ಅವಳು ಎಲ್ಲೋ ತಾಯಿಯ ಸಾವಿನ ಮನೆಯಲ್ಲಿದ್ದಳು. ಆವತ್ತೂ ಹೀಗೇ. ಹೆಂಗಸರ ಜೊತೆ ಅವಳು ಒಳಗೆ ಹೆಣದ ತಲೆಯ ಹತ್ತಿರ, ಅವನು ಹೊರಗೆ ಗಂಡಸರ ಜೊತೆ ನೆಲದಲ್ಲಿ ತೋಡಿದ ಒಲೆಯ ಹೊಗೆಯಲ್ಲಿ, ಬಂದವರಿಗೆಲ್ಲ ಗೆಡ್ಡೆ ಬೇಯಿಸುತ್ತಾ. ಒಬ್ಬಳೇ ತಾಯಿಗೆ ಇಬ್ಬರೂ ಬೇರೆ ಬೇರೆ ಅತ್ತರು. ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು, ಸೌದೆ ಒಡೆಯುವ ಬೆನ್ನು. ಎದ್ದು ಹೋಗಿ ಆ ಬೆನ್ನಿನ ಮೇಲೆ ಕೈಯಿಡಬೇಕು ಎನ್ನಿಸಿತ್ತು. ಇಡಲಿಲ್ಲ. ಯಾರೂ ಇಡುವುದಿಲ್ಲ.

ಪಾಠ ಮುಗಿಯಿತು, ಮಕ್ಕಳನ್ನು ಆಟಕ್ಕೆ ಬಿಟ್ಟರು, ಇನ್ನು ಆ ಕಡೆಯವರು ಹೇಳುವ ಸರದಿ. ಮೊದಲು ಫೆಲೆತಿ ಎದ್ದು ನಿಂತ. ಕಣ್ಣು ಕೆಳಗೆ ಹಾಕಿ, ಚರ್ಚಿನ ಧ್ವನಿಯಲ್ಲಿ, ಮಾನ್ಯ ಟೀಚರ ಪಾಠ ಅತ್ಯುತ್ತಮವಾಗಿತ್ತು, ನಮ್ಮ ಶಾಲೆ ಇದರಿಂದ ಬಹಳ ಕಲಿಯಿತು, ತಪ್ಪು ಹುಡುಕುವಂಥದ್ದು ಏನೂ ಇಲ್ಲ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಎಂದು ಹೇಳಿ ಕೂತ. ಅವನು ದಾರಿ ಹಾಕಿಕೊಟ್ಟ ಮೇಲೆ ಉಳಿದವರು ಅದೇ ದಾರಿಯಲ್ಲಿ ಸಾಲಾಗಿ ನಡೆದರು. ಬಟ್ಟೆಯ ಚಿತ್ರಗಳು ಚೆನ್ನಾಗಿದ್ದವು. ಮಕ್ಕಳು ಶಿಸ್ತಿನವರು. ದಪ್ಪ ಕನ್ನಡಕದ ಟೀಚರೊಬ್ಬಳು, ನಿಮ್ಮ ಧ್ವನಿ ಎಷ್ಟು ಸ್ಪಷ್ಟವಾಗಿತ್ತು, ಎಂದಳು. ಅವಳ ಪಕ್ಕದವನು ತಟ್ಟನೆ ಕೆಮ್ಮಿ ತನ್ನ ಮೊಣಕಾಲು ನೋಡಿಕೊಂಡ. ಸಿಲಿಯಾ ಎಲ್ಲರಿಗೂ ವಂದನೆ ಹೇಳಿದಳು. ಅವರೂ ತಲೆಯಾಡಿಸಿದರು. ತೆರೆ ಕಪ್ಪಾಯಿತು. ಆ ಕಪ್ಪಿನಲ್ಲಿ ಅವಳದೇ ಮುಖ ಕಂಡಿತು, ಅಲಂಕಾರ ಮಾಡಿಕೊಂಡು ಸಂತೆಯಲ್ಲಿ ಯಾರೂ ಮಾತಾಡಿಸದೆ ವಾಪಸು ಬಂದವಳ ಮುಖ. ಹೋದ ಬುಧವಾರ ಅದೇ ಶಾಲೆಯ ಒಬ್ಬ ಎಳೆಯ ಮೇಷ್ಟರ ಪಾಠಕ್ಕೆ ಅವಳೇ ಎಷ್ಟೊಂದು ತಪ್ಪು ತೆಗೆದಿದ್ದಳು, ಅವನು ಹಲ್ಲು ಕಿರಿದು ಬರೆದುಕೊಂಡಿದ್ದ. ಅವನಷ್ಟು ಪುಣ್ಯ ತನಗಿಲ್ಲ. ಹೊಗಳಿ ಕೈತೊಳೆದುಕೊಂಡರು, ಎಂದುಕೊಂಡಳು.

ಲೂಪೆ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರುವುದೋ ಬೇಡವೋ ಎಂಬ ಹಾಗೆ ಒಂದು ಕಾಲು ಹೊಸ್ತಿಲ ಮೇಲೆ. ಕೈಯಲ್ಲಿ ಫೋನು. ಏನಾಯಿತೆಂದು ಸಿಲಿಯಾ ಕೇಳುವ ಮೊದಲೇ ಲೂಪೆಯ ಕಣ್ಣುಗಳು ತುಂಬಿಕೊಂಡವು. ಆ ಶಾಲೆಯಲ್ಲಿ ಅವಳ ಗೆಳತಿಯೊಬ್ಬಳಿದ್ದಾಳೆ, ಈಗ ತಾನೇ ಬರೆದಿದ್ದಾಳೆ: ಪಾಠ ಬಹಳ ಚೆಂದವಿತ್ತೆಂದು ಕಾಣುತ್ತದೆ, ಒಂದು ಮಾತೂ ಕೇಳಿಸಲಿಲ್ಲವಲ್ಲ ಎಂದು ಬೇಜಾರು. ಹುಂಜ ಕೂಗುತ್ತಿದ್ದಾಗ ಲೂಪೆ ಮೈಕು ಮುಚ್ಚಿದ್ದಳು. ತೆರೆಯುವುದನ್ನು ಮರೆತಿದ್ದಳು. ಮೊದಲಿನಿಂದ ಕೊನೆಯವರೆಗೆ, ಪ್ರಾರ್ಥನೆಯಿಂದ ಹಿಡಿದು ವಂದನೆಯವರೆಗೆ, ಈ ಕಡೆಯ ಒಂದೇ ಒಂದು ಸದ್ದೂ ಸಮುದ್ರ ದಾಟಿರಲಿಲ್ಲ.

“ಅಲ್ವೇ, ಯಾರಾದ್ರೂ ಹೇಳಬಾರದಿತ್ತಾ?” ಎಂದಳು ಸಿಲಿಯಾ.

“ಎಲ್ರೂ ಅವರ ಹೆಡ್‌ಮಾಸ್ಟ್ರ ಮುಖ ನೋಡಿದ್ರಂತೆ ಟೀಚರ್. ಅವರು ಸುಮ್ನಿದ್ರಂತೆ. ಅಕ್ಕನ ಪಾಠ ಅಲ್ವಾ, ನಡುವೆ ನಿಲ್ಸಿ ತಪ್ಪಾಗಿದೆ ಅಂತ ಹೆಂಗೆ ಹೇಳೋದು, ಅವರೇ ಹೇಳದೆ ನಾವು ಹೆಂಗೆ ಹೇಳೋದು ಅಂತ ಎಲ್ರೂ ಕೂತೇ ಇದ್ರಂತೆ.”

ಸಿಲಿಯಾ ಅಲ್ಲೇ ಮಕ್ಕಳ ಬೆಂಚಿನ ಮೇಲೆ ಕೂತಳು. ಮೊದಲು ಬಂದದ್ದು ಒಂದು ನಿರಾಳ. ಹಾಗಾದರೆ ಅವನು ಮರೆತದ್ದಲ್ಲ. ಆ ಮಾತು ಅವನ ಕಿವಿಗೆ ಬಿದ್ದೇ ಇಲ್ಲ, ಅವನಿಗೆ ಅಸಹ್ಯವಾಗಿಲ್ಲ. ಆಮೇಲೆ ಬಂದದ್ದು ಸಿಟ್ಟು. ಮಹಾರಾಯ, ಬಾಯಿ ಬಡಿದುಕೊಳ್ಳುವ ಒಬ್ಬ ಮೂಗಿಯ ಎದುರು ಕೈಕಟ್ಟಿ ಕೂತಿದ್ದೆಯಲ್ಲ. ಅತ್ಯುತ್ತಮವಾಗಿತ್ತಂತೆ. ತಪ್ಪು ಹುಡುಕುವಂಥದ್ದು ಏನೂ ಇಲ್ಲವಂತೆ. ಬಾವಿಗೆ ಬೀಳುತ್ತಿದ್ದರೂ ಇವನು ತಲೆ ತಗ್ಗಿಸಿ ದಾರಿ ಬಿಡುತ್ತಿದ್ದನೋ ಏನೋ, ಅಕ್ಕ ಬೀಳುತ್ತಿದ್ದಾಳೆ, ಅಡ್ಡ ಬರಬಾರದು ಎಂದು. ಐಸೆಯನಿಗೆ ಸುದ್ದಿ ಮುಟ್ಟಿ ಅವನು ಬಂದು ಹೊಟ್ಟೆ ಹಿಡಿದು ನಕ್ಕ. ಹಳೆ ಕಾಲದ ಮೂಕಿ ಸಿನಿಮಾ ತೋರಿಸಿದ್ದೀರಿ, ಟಿಕೆಟ್ ಇಡಬೇಕಿತ್ತು, ಎಂದ. ಇಲಾಖೆಗೆ ಪಾಠ ಚೆನ್ನಾಗಿ ಆಯಿತೆಂದು ಆ ಶಾಲೆಯವರು ಆಗಲೇ ತಿಳಿಸಿಬಿಟ್ಟಿದ್ದಾರೆ, ಇನ್ನು ಕೆದಕಬೇಡಿ, ನಿಮಗೂ ಮಾನ ಅವರಿಗೂ ಮಾನ, ಎಂದ. ಲೂಪೆಗೆ ಬೈಯಬೇಡಿ ಎಂದ. ಸಿಲಿಯಾ ಯಾರಿಗೂ ಬೈಯಲಿಲ್ಲ. ಅವಳ ಕಣ್ಣ ಮುಂದೆ ಅವಳೇ ಇದ್ದಳು: ತುಟಿ ಆಡಿಸುತ್ತಾ, ಕೈ ಎತ್ತುತ್ತಾ, ಹರಿದ ಬಟ್ಟೆ ತೋರಿಸಿ ಏನನ್ನೋ ಬೇಡುತ್ತಾ ನಿಂತ ಒಬ್ಬ ಹೆಂಗಸು. ಅದನ್ನು ನೋಡುತ್ತಾ ಸುಮ್ಮನೆ ಕೂತ ಒಬ್ಬ ಗಂಡಸು. ಇವತ್ತಿನ ಒಂದು ತರಗತಿಯ ಹೊತ್ತು ಮಾತ್ರವಲ್ಲ, ಇಬ್ಬರ ಅಷ್ಟೂ ವರ್ಷ ಹೀಗೇ ಕಳೆದುಹೋಯಿತಲ್ಲ ಎಂದು ಸಂಕಟವಾಯಿತು.

ಮಧ್ಯಾಹ್ನ ಮಕ್ಕಳು ಮನೆಗೆ ಹೋದಮೇಲೆ ಅವಳು ಫೋನು ಹಿಡಿದುಕೊಂಡು ಶಾಲೆಯ ಹಿಂದೆ ಮಳೆನೀರಿನ ತೊಟ್ಟಿಯ ಹತ್ತಿರ ಹೋದಳು. ಅವನ ನಂಬರು ಅವಳಲ್ಲಿತ್ತು, ಆದರೆ ಎಂದೂ ಅದಕ್ಕೆ ಮಾಡಿರಲಿಲ್ಲ. ಮಾಡಬಾರದೆಂದು ಯಾರೂ ಹೇಳಿರಲಿಲ್ಲ, ಹೆಂಡತಿಯ ನಂಬರಿಗೆ ಮಾಡುವುದು ನಡೆದುಬಂದ ದಾರಿ. ಏನು ಕೇಳಬೇಕೆಂದು ಗೊತ್ತಿರಲಿಲ್ಲ, ಬೆರಳು ಒತ್ತಿತು. ಆ ಕಡೆ ಒಂದೇ ಸಲಕ್ಕೆ ಎತ್ತಿದ.

“ಅಕ್ಕಾ? ಯಾರಿಗೆ ಏನಾಯ್ತು?”

ಯಾರೂ ಸತ್ತಿಲ್ಲ ಎಂದಳು. ಪಾಠದ ವಿಷಯ ಎಂದಳು. ಪಾಠ ಬಹಳ ಚೆನ್ನಾಗಿತ್ತು ಎಂದು ಅವನು ಮತ್ತೆ ಶುರುಮಾಡಿದ, ಅದೇ ಚರ್ಚಿನ ಧ್ವನಿ. ಆ ಧ್ವನಿ ಕೇಳಿದ ಕೂಡಲೇ ಅವಳಿಗೆ ತಾನು ಏನು ಹೇಳಬೇಕೆಂಬುದು ತಿಳಿಯಿತು. ಜನ್ಮದಲ್ಲಿ ಎಂದೂ ಬಳಸದಿದ್ದ ಒಂದು ಅಧಿಕಾರ ಅವಳ ಕೈಯಲ್ಲಿತ್ತು. ಅವನ ಮಗಳ ಮದುವೆಯಲ್ಲೂ ಬಳಸಿರಲಿಲ್ಲ, ಅಪ್ಪನ ತೋಟ ಪಾಲು ಮಾಡುವಾಗಲೂ ಬಳಸಿರಲಿಲ್ಲ.

“ಫೆಲೆತಿ, ನಾನು ನಿನ್ನಕ್ಕ. ನಾನು ಹೇಳಿದ್ದನ್ನ ನೀನು ಇಲ್ಲ ಅನ್ನೋ ಹಾಗಿಲ್ಲ, ಹೌದು ತಾನೇ?”

“ಹೌದು.”

“ಹಾಗಾದ್ರೆ ನನ್ನ ಪಾಠದಲ್ಲಿ ಏನೇನು ತಪ್ಪಿತ್ತು ಅಂತ ಹೇಳು. ಇದು ಅಪ್ಪಣೆ ಅಂತಾನೇ ತಿಳ್ಕೋ.”

ಅವನು ಹೇಳುವುದಾದರೂ ಹೇಗೆ? ಹೇಳಿದರೆ ಅಕ್ಕನಲ್ಲಿ ಕುಂದು ತೋರಿಸಿದಂತೆ, ಹೇಳದಿದ್ದರೆ ಅಕ್ಕನ ಮಾತು ಮೀರಿದಂತೆ. ತಮ್ಮನನ್ನು ಅಡಕತ್ತರಿಯಲ್ಲಿ ಸಿಕ್ಕಿಸಿದ್ದೇನೆ ಎಂದು ಅವಳಿಗೆ ಪಾಪವೆನ್ನಿಸಿತು, ಒಳಗೊಳಗೇ ಹಿತವೂ ಆಯಿತು. ಫೋನಿನಲ್ಲಿ ರಾಜಧಾನಿಯ ರಸ್ತೆಯ ಸದ್ದು ಕೇಳುತ್ತಿತ್ತು, ಯಾವುದೋ ಬಸ್ಸು, ಯಾರದೋ ಕೂಗು. ಅವನ ಉಸಿರು ಕೇಳುತ್ತಿತ್ತು.

“ಶಬ್ದ ಬರ್ಲಿಲ್ಲ ಅಕ್ಕ,” ಎಂದ ಕೊನೆಗೆ.

“ಅದು ಮೈಕಿನ ತಪ್ಪು. ನಿನ್ನಕ್ಕನದ್ದು ಹೇಳು.”

ಸಣ್ಣ ಹುಡುಗ ಆಳ ನೋಡಿಕೊಂಡು ನೀರಿಗಿಳಿಯುವ ಹಾಗೆ ಅವನು ಶುರುಮಾಡಿದ. ನೀವು ಬಲಗಡೆ ಸಾಲಿನವರನ್ನೇ ಕೇಳುತ್ತೀರಿ, ಎಂದ. ಕಿಟಕಿಯ ಹತ್ತಿರ ಎರಡು ಜಡೆಯ ಹುಡುಗಿಯೊಬ್ಬಳಿದ್ದಳು, ಕೈ ಎತ್ತಿ ಎತ್ತಿ ಸೋತು ಆಮೇಲೆ ಆ ಕೈಯ ಮೇಲೇ ತಲೆಯಿಟ್ಟು ಮಲಗಿದಳು, ಎಂದ. ಅದು ಮೆಲೆಸಿಯು, ಅವಳು ಕೈ ಎತ್ತಿದ್ದು ಸಿಲಿಯಾ ನೋಡಿಯೇ ಇರಲಿಲ್ಲ. ಟ್ಯಾಬನ್ನು ಮೊದಲೇ ಕೈಗೆ ಕೊಟ್ಟದ್ದು ತಪ್ಪು, ಮಕ್ಕಳು ಒಬ್ಬರನ್ನೊಬ್ಬರು ನೋಡುವುದನ್ನೇ ಬಿಟ್ಟರು; ನಾವೂ ಮೊದಲ ವರ್ಷ ಹಾಗೇ ಮಾಡಿ ಕೆಟ್ಟೆವು, ಈಗ ಇಬ್ಬರಿಗೆ ಒಂದು ಕೊಡುತ್ತೇವೆ. ಹರಿದ ಬಟ್ಟೆಯ ಚಿತ್ರದ ಹತ್ತಿರ ನೀವು ಬಹಳ ಹೊತ್ತು ನಿಂತಿರಿ, ಮಕ್ಕಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಹೌದು, ಅದು ತಪ್ಪು, ಎಂದಳು ಸಿಲಿಯಾ. ಅಲ್ಲಿ ತಾನೇನು ಕೇಳಿದೆ ಎಂದು ಈಗ ಹೇಳಬಹುದಿತ್ತು. ಹೇಳಲಿಲ್ಲ. ಅವನು ಮಾತಾಡುತ್ತಿದ್ದ, ಅದನ್ನು ನಿಲ್ಲಿಸುವಷ್ಟು ದೊಡ್ಡ ಮಾತು ಯಾವುದೂ ಅವಳಲ್ಲಿರಲಿಲ್ಲ. ಅವನ ಚರ್ಚಿನ ಧ್ವನಿ ಎಲ್ಲೋ ಬಿದ್ದುಹೋಗಿತ್ತು. ಒಂದೊಂದು ತಪ್ಪನ್ನೂ ಅವಳು ಬಿಸಿ ಊಟದ ಹಾಗೆ ಒಳಗೆ ತೆಗೆದುಕೊಳ್ಳುತ್ತಿದ್ದಳು. ಯಾರೂ ಯಾವತ್ತೂ ಅವಳನ್ನು ಇಷ್ಟು ಹೊತ್ತು ಇಷ್ಟು ಗಮನವಿಟ್ಟು ನೋಡಿರಲಿಲ್ಲ.

“ಮತ್ತೆ ಇನ್ನೊಂದು,” ಎಂದ. ಈಗ ಧ್ವನಿಯಲ್ಲಿ ಒಂದು ಎಳೆ ತುಂಟತನವಿತ್ತು. “ಮಗು ಬಾಯಿ ತೆಗೆಯೋ ಮೊದ್ಲೇ ನಿಮ್ಮ ಬಾಯಿ ತೆಗೆಯುತ್ತೆ. ಎಲ್ಲಾ ಉತ್ತರಾನೂ ನೀವೇ ಹೇಳ್ಬಿಡ್ತೀರಿ. ಶಬ್ದ ಇಲ್ದೆ ಇದ್ದಿದ್ರಿಂದ ಅದು ಇನ್ನೂ ಚೆನ್ನಾಗಿ ಕಾಣ್ತಿತ್ತು.”

ಅವಳು ನಕ್ಕುಬಿಟ್ಟಳು. ತಡೆಯಲು ಹೋಗಲಿಲ್ಲ. ಆ ಕಡೆಯೂ ಮೂಗಿನಲ್ಲಿ ಒಂದು ಸದ್ದು ಬಂತು, ನಗುವೇ ಅದು, ಅವಳಿಗೆ ಗೊತ್ತು. ನಗು ನಿಂತಮೇಲೆ ಕೇಳಿದಳು, ಅಷ್ಟು ಹೊತ್ತು ಯಾಕೆ ಸುಮ್ಮನೆ ಕೂತಿದ್ದೆ, ಬರೀ ಗೌರವವಾ, ಎಂದು. ಮೊದಮೊದಲು ಅದೇ, ಎಂದ. ಶಬ್ದ ಬರುತ್ತಿಲ್ಲವೆಂದು ಇನ್ನೇನು ಹೇಳುತ್ತೇನೆ, ಈಗ ಹೇಳುತ್ತೇನೆ ಎಂದು ಕೂತಿದ್ದೆ. ಆಮೇಲೆ ಹೇಳಬೇಕು ಅನ್ನಿಸಲಿಲ್ಲ. ಮಾತು ಕೇಳಿಸಿದ್ದರೆ ನಾನು ತಲೆ ತಗ್ಗಿಸಿ ಕೇಳಬೇಕಾಗುತ್ತಿತ್ತು. ಕೇಳಿಸಲಿಲ್ಲ, ಅದಕ್ಕೇ ತಲೆಯೆತ್ತಿ ನೋಡಿದೆ.

ಅವಳು ತೊಟ್ಟಿಯ ತಣ್ಣನೆ ಗೋಡೆಗೆ ಒರಗಿದಳು. ಕಾಲಿನ ಕೆಳಗೆ ಕೋಳಿಯೊಂದು ಕೆದಕುತ್ತಿತ್ತು. ಫೋನು ಬಿಸಿಯಾಗಿ ಕಿವಿಗೆ ಅಂಟಿಕೊಂಡಿತ್ತು, ಇನ್ನೊಂದು ಕಿವಿಗೆ ಬದಲಾಯಿಸಲೂ ಭಯ, ಅಷ್ಟರಲ್ಲಿ ಒಂದು ಮಾತು ತಪ್ಪಿಹೋದರೆ ಎಂದು.

“ಇನ್ನೂ ಏನಾದ್ರೂ ಇದೆಯಾ?”

“ಇಲ್ಲ.”

“ಇದೆ. ಹೇಳು.”

“ಪಾಠದ್ದಲ್ಲ ಅದು.”

“ಹೇಳು ಅಂದೆನಲ್ಲ.”

ಬಸ್ಸು ಹೋದ ಸದ್ದು. ಆಮೇಲೆ ಏನೂ ಇಲ್ಲ. ಕಡಿದುಹೋಯಿತೇನೋ ಎಂದು ಅವಳು ಫೋನನ್ನು ಇನ್ನೂ ಗಟ್ಟಿಯಾಗಿ ಕಿವಿಗೆ ಒತ್ತಿಕೊಂಡಳು.

“ತುಂಬಾ ಸೊರಗಿದ್ದೀಯ,” ಎಂದ ಫೆಲೆತಿ. “ಏನಾಗಿದೆ ನಿನಗೆ?”

ತಮ್ಮನಾದವನು ಅಕ್ಕನ ಶರೀರದ ಬಗ್ಗೆ ಆಡಬಾರದ ಮಾತು. ಅವಳು ಸಿಟ್ಟಾಗಬೇಕಿತ್ತು, ಅಥವಾ ಕೇಳಿಸದವಳಂತೆ ಬೇರೆ ಮಾತೆತ್ತಿ ಅವನ ಮಾನ ಉಳಿಸಬೇಕಿತ್ತು. ಈ ದ್ವೀಪದಲ್ಲಿ ದಿನಾ ನೋಡುವವರು ಯಾರೂ ಇದನ್ನು ಹೇಳಿರಲಿಲ್ಲ. ಬಟ್ಟೆ ಸಡಿಲವಾಗುತ್ತಾ ಬಂದದ್ದನ್ನು, ಆಸ್ಪತ್ರೆಗೆ ಹೋಗಬೇಕು ಎಂದುಕೊಂಡು ಹೋಗದೆ ಉಳಿದದ್ದನ್ನು ಅವಳು ತನಗೆ ತಾನೂ ಹೇಳಿಕೊಂಡಿರಲಿಲ್ಲ. ಆ ಕಡೆ ಅವನು ಕಾಯುತ್ತಿದ್ದ. ಅವನ ಉಸಿರು ಮೊದಲಿನ ಹಾಗಿರಲಿಲ್ಲ, ಅಳು ನುಂಗುವವನ ಉಸಿರಾಗಿತ್ತು.

“ಹೌದು ಕಣೋ,” ಎಂದಳು ಸಿಲಿಯಾ. “ಸೊರಗಿದೀನಿ. ನಂಗೆ ಭಯ ಆಗ್ತಿದೆ.”